ಕೆಳಗಿನವನು

ಇನ್ನೂರಿಪ್ಪತ್ತು ಕಿಲೋ ಹೊತ್ತಾಗ ಬರಲಿಲ್ಲ ಅದು.
ಬಂದದ್ದು ಬುಧವಾರ, ಅಡುಗೆಮನೆಯಲ್ಲಿ,
ಕೈಜಾರಿದ ಟೀ ಚಮಚ ಎತ್ತಲು
ಜುಂಬೆರ್ ಬಗ್ಗಿದಾಗ.
ಒಳಗೇನೋ ಟಕ್ ಅಂದಿತಂತೆ.
ನನಗೆ ಕೇಳಿಸಿದ್ದು
ಚಮಚ ಎರಡನೇ ಸಲ ಬಿದ್ದ ಸದ್ದು.

ಮೂವತ್ತೊಂದು ವರ್ಷ
ತಿಬಿಲಿಸಿಯ ಪಿಯಾನೊಗಳನ್ನು ಏರಿಸಿ ಇಳಿಸಿದ ಬೆನ್ನು.
ಸೊಲೊಲಾಕಿಯ ಹಳೇ ಮನೆಗಳ ಸುರುಳಿ ಮೆಟ್ಟಿಲು,
ಅಲುಗುವ ಕಟಕಟೆ,
ಯಾವ ತಿರುವಿನ ಯಾವ ಮೊಳೆ ಅಂಗಿ ಹಿಡಿಯುತ್ತದೆ,
ಎಲ್ಲ ಅದಕ್ಕೆ ಬಾಯಿಪಾಠ.
ಮೇಲೆ ಹಿಡಿದವನು ದಾರಿ ನೋಡಬೇಕು,
ಕೆಳಗಿನವನು ಭಾರ ನೋಡಬೇಕು, ಅನ್ನುತ್ತಿದ್ದ.
ಯಾವಾಗಲೂ ಕೆಳಗಿನವನು ಇವನೇ.
ಪಿಯಾನೊ ಗೋಡೆಗೊರಗಿದ ಮೇಲೆ
ಮನೆಯವರು ಬೆನ್ನು ತಟ್ಟುತ್ತಿದ್ದರು.
ದುಡ್ಡು ಕೊಡುವುದಕ್ಕಿಂತ ತಟ್ಟುವುದು ಸುಲಭ.

ಡಾಕ್ಟರಮ್ಮ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು
ಪೆನ್ನಿನ ತುದಿಯಿಟ್ಟಳು:
ನಾಲ್ಕನೆಯ ಮಣಿ, ಐದನೆಯ ಮಣಿ,
ನಡುವಿನ ಬಿಲ್ಲೆ ಹಿಂದಕ್ಕೆ ಜಾರಿ
ನರವನ್ನು ಒತ್ತುತ್ತಿದೆ.
'ಎಷ್ಟು ದಿನದಿಂದ?'
'ಬುಧವಾರದಿಂದ' ಅಂದ ಜುಂಬೆರ್.
ಆಕೆ ಅವನನ್ನು ನೋಡಲಿಲ್ಲ,
ನನ್ನನ್ನು ನೋಡಿದಳು.

ನಾನೇನು ಹೇಳಲಿ.
ಹತ್ತು ವರ್ಷದಿಂದ ಅವನು ಹಾಸಿಗೆ ಬಿಟ್ಟೇಳುವುದು
ಮಗುಚುವ ದೋಣಿಯ ಹಾಗೆ, ಪಕ್ಕಕ್ಕೆ ಹೊರಳಿ.
ಸೀನು ಬಂದರೆ ಮೊದಲು ಗೋಡೆ ಹಿಡಿಯುತ್ತಾನೆ.
ಮಗಳ ಮದುವೆಯಲ್ಲಿ ಎಲ್ಲರೂ ಕುಣಿದಾಗ
ಚಪ್ಪಾಳೆ ತಟ್ಟುತ್ತ ಬಾಗಿಲಿಗೆ ಒರಗಿದ್ದ;
ನೆಂಟರು ಗಾಂಭೀರ್ಯ ಅಂದುಕೊಂಡರು.

ಈಗ ನೆಲವೇ ಅವನ ಮನೆ.
ಕುರ್ಚಿಯ ಮೇಲೆ ಕಾಲು, ಸೂರಿನ ಮೇಲೆ ಕಣ್ಣು.
ಸೊಂಟದಿಂದ ತೊಡೆ, ತೊಡೆಯಿಂದ ಮೀನಖಂಡ,
ಕಾದ ತಂತಿಯೊಂದು ಇಳಿಯುತ್ತದೆಯಂತೆ.
ಎಡಗಾಲ ಹೆಬ್ಬೆರಳು ಮಾತ್ರ
ಬೇರೆ ಯಾರದೋ ಅನ್ನುತ್ತಾನೆ.
ಒಬ್ಬರು ಗಂಧಕದ ಬಿಸಿನೀರು ಅಂದರು,
ಇನ್ನೊಬ್ಬರು ಜೇನು ಕಚ್ಚಿಸಿ ಅಂದರು,
ಎದುರುಮನೆಯ ಎತೆರಿ ನಾಯಿಯುಣ್ಣೆಯ ಪಟ್ಟಿ ತಂದುಕೊಟ್ಟಳು.
ಕಟ್ಟಿದೆ. ಮನೆಯೆಲ್ಲ
ಮಳೆಯಲ್ಲಿ ನೆಂದ ನಾಯಿ.

ಮೇಲಿನ ಮಹಡಿಯಲ್ಲೊಂದು ಪಿಯಾನೊ,
ಲೆನಿನ್‌ಗ್ರಾಡಿನದು, ಕರಿಯದು,
ಎಂಬತ್ತೇಳರಲ್ಲಿ ಇವನೇ ಹತ್ತಿಸಿದ್ದು.
ಸಂಜೆ ಹುಡುಗಿಯೊಬ್ಬಳು ಬಾರಿಸುತ್ತಾಳೆ,
ಪ್ರತಿಸಲ ಅದೇ ಜಾಗದಲ್ಲಿ ಎಡವುತ್ತಾಳೆ.
'ಅವಳ ತಪ್ಪಲ್ಲ' ಅನ್ನುತ್ತಾನೆ ನೆಲದಿಂದ,
'ಮೂರನೇ ಮಹಡಿಯಲ್ಲಿ ಒಮ್ಮೆ ಗೋಡೆಗೆ ತಾಗಿಸಿದ್ದೆವು.'
ಮೂವತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

ಶನಿವಾರ ಅದನ್ನು ಮಾರಿದರು.
ನಾನು ಅವನ ಬಲಗಾಲಿಗೆ ಕಾಲುಚೀಲ ಏರಿಸುತ್ತಿದ್ದೆ,
ಮೆಟ್ಟಿಲಲ್ಲಿ ಹುಡುಗರ ಏದುಸಿರು, ಬೈಗುಳ, ಮರದ ನರಳು.
'ಬಾಗಿಲು ತೆಗಿ, ತ್ಸಿಯಾಲಾ.'
ತೆಗೆದೆ. ಮಲಗಿದಲ್ಲಿಂದಲೇ ಕೂಗಿದ:
'ಕೆಳಗಿನವನೇ! ಮೊಣಕಾಲು ಬಗ್ಗಿಸು, ಸೊಂಟವಲ್ಲ!
ತಿರುಚಬೇಡ! ಕಾಲಿಡು, ಆಮೇಲೆ ತಿರುಗು!
ಎಡಕ್ಕೆ ಮೊಳೆ ಇದೆ, ಅಂಗಿ ಜೋಪಾನ!'
ಮೆಟ್ಟಿಲು ಒಂದು ಕ್ಷಣ ಗಪ್‌ಚಿಪ್.
ಆಮೇಲೆ ಮೆಲ್ಲಗೆ, ಎಣಿಸಿದಂತೆ, ಇಳಿಯಿತು ಭಾರ.

ನೀರು ಕೇಳಲು ಕೆಳಗಿನವನು ಬಂದ.
ಇಪ್ಪತ್ತೆರಡಿರಬಹುದು, ಹೆಸರು ಲೆವಾನಿ.
ಒಂದು ಕೈಯಲ್ಲಿ ಲೋಟ, ಇನ್ನೊಂದು ಟೊಂಕದ ಮೇಲೆ.
ಜುಂಬೆರ್ ನೆಲದಿಂದ ಅವನನ್ನು ಅಳೆದ:
'ಬಲಕ್ಕೆ ವಾಲಿದ್ದೀಯ. ಎಷ್ಟು ದಿನದಿಂದ?'
'ಏನಿಲ್ಲ ಬಿಡಿ ಮಾಮ. ಇವತ್ತು ಬೆಳಗ್ಗೆಯಿಂದ.'

ನಾಯಿಯುಣ್ಣೆಯ ಪಟ್ಟಿ ಬಿಚ್ಚಿ ಕೊಡಹೋದ.
ಹುಡುಗ ಮೂಗು ಮುಚ್ಚಿ ನಕ್ಕ.
ಬೀದಿಯಲ್ಲಿ ವ್ಯಾನು ಹಾರನ್ ಹೊಡೆಯಿತು.

ಎಡಗಾಲಿನದು ಬಾಕಿಯಿತ್ತು.
ನಾನು ಮೊಣಕಾಲೂರಿದೆ.