ಓನ್ಲಿ ಕೂರುವ ಜಾಗ

ಗ್ರಿಮ್ಸ್‌ಬಿಯ ಮೀನುಕಟ್ಟೆಯ ಹಿಂದೆ, ಚರ್ಚಿನ ನೆಲಮಾಳಿಗೆಯಲ್ಲಿ
ಮಂಗಳವಾರ ಸಂಜೆ ಏಳಕ್ಕೆ ನನ್ನ ತರಗತಿ.
ಹೀಟರಿನದು ಒಂದೇ ಕಡ್ಡಿ ಉರಿಯುತ್ತದೆ.
ಯಾರೂ ಕೋಟು ಬಿಚ್ಚುವುದಿಲ್ಲ, ನಾನೂ.

ಎಲ್-ವೈ ಒಂದು ಬಾಲ, ಎಂದೆ.
ಸ್ಲೋ ಎಂಬುದಕ್ಕೆ ಅಂಟಿಸಿದರೆ ಸ್ಲೋಲಿ;
ನಾಮಪದದ ಮಗ್ಗುಲಲ್ಲಿ ಕೂತಿದ್ದ ಪದ
ಎದ್ದು ಬಂದು ಕ್ರಿಯಾಪದದ ಕೈ ಹಿಡಿಯುತ್ತದೆ.
ರಿಮಾಂತಾಸ್ ಬರೆದುಕೊಂಡ,
ಉಗುರ ಸಂದಿಯಲ್ಲಿ ಹ್ಯಾಡಕ್ ಮೀನಿನ ಹುರುಪೆ
ಇನ್ನೂ ಹೊಳೆಯುತ್ತಿತ್ತು.

ಮರುವಾರ ಮುಖ ಸಣ್ಣ ಮಾಡಿಕೊಂಡು ಬಂದ.
ಎದೆ ಸೆಟೆಸಿ ಹೇಳಿದನಂತೆ ಮೇಸ್ತ್ರಿಗೆ:
ಐ ಹಾರ್ಡ್ಲಿ ವರ್ಕ್, ಸರ್, ಎವ್ರಿ ಡೇ.
ಗೊತ್ತು, ನೋಡ್ತಾನೇ ಇದೀನಿ, ಅಂದನಂತೆ ಮೇಸ್ತ್ರಿ.
ಬಾಲ ಹಚ್ಚಿದ್ದು ನಾನು ಹೇಳಿಕೊಟ್ಟ ಹಾಗೇ.

ಹಾರ್ಡ್‌ಗೆ ಬಾಲ ಬೇಡ, ರಿಮಾಂತಾಸ್.
ಮೈಮುರಿದು ದುಡಿಯುವವನಿಗೆ ಬರಿಯ ಹಾರ್ಡ್ ಸಾಕು;
ಹಾರ್ಡ್ಲಿ ಎಂದೆಯೋ, ದುಡಿಮೆಯೇ ಅಪರೂಪ ಎಂದ ಹಾಗೆ.
ತಡವಾಗಿ ಬಂದರೆ ಲೇಟ್, ಈಚೆಗೆ ಬಂದರೆ ಲೇಟ್ಲಿ.
ಫಾಸ್ಟ್‌ಗೆ ಬಾಲವೇ ಮೂಡಲಿಲ್ಲ.
ಫ್ರೆಂಡ್ಲಿ ಬಾಲ ಹೊತ್ತುಕೊಂಡೂ
ಕ್ರಿಯಾಪದವನ್ನು ಕಣ್ಣೆತ್ತಿ ನೋಡುವುದಿಲ್ಲ.
ಇದು ವ್ಯಾಕರಣವೋ ನಿಮ್ಮ ನೆಂಟರ ಮನೆಯೋ,
ಅಂದಳು ಟಿಮೋರಿನ ಡೊಮಿಂಗಾಸ್.
ಹೀಟರಿಗಿಂತ ಆ ನಗು ಬೆಚ್ಚಗಿತ್ತು.

ಪ್ರೊಬಬ್ಲಿಯನ್ನು ನಾನು ಬೇಗ ಮುಗಿಸಿಬಿಡುತ್ತೇನೆ.
ಅಪ್ಪ ಹೋದ ಟ್ರಾಲರಿನ ಬಗ್ಗೆ ಕಂಪನಿ ಬರೆದ ಕಾಗದದಲ್ಲಿ
ಮುಳುಗಿತು ಎಂಬುದರ ಹಿಂದೆ ಅದು ಕೂತಿತ್ತು.
ಅಮ್ಮ ಹನ್ನೊಂದು ವರ್ಷ
ಆ ಒಂದು ಪದದ ಮೇಲೆ ಸಂಸಾರ ನಡೆಸಿದಳು,
ರಾತ್ರಿ ಒಂದು ತಟ್ಟೆ ಹೆಚ್ಚಿಗೆ ಇಟ್ಟು.

ಆ ಮಂಗಳವಾರ ಎಲ್ಲರೂ ಎದ್ದ ಮೇಲೂ
ಕೊನೆಯ ಬೆಂಚಿನ ಲೆತೆಬ್ರಹಾನ್ ಏಳಲಿಲ್ಲ.
ಎರಿಟ್ರಿಯದವಳು; ಒಂದು ಪ್ರಶ್ನೆಯನ್ನೂ ಕೇಳಿದವಳಲ್ಲ.
ನಾಲ್ಕು ಮಡಿಕೆಯ ಹೇಳಿಕೆ ಪತ್ರ ಬಿಚ್ಚಿದಳು,
ದುಭಾಷಿಯ ಇಂಗ್ಲಿಷು, ಕೆಳಗೆ ಇವಳ ಸಹಿ.
ಅಣ್ಣನನ್ನು ಒಯ್ದ ರಾತ್ರಿಯ ಸಾಲಿಗೆ
ಅಧಿಕಾರಿ ಎಳೆದ ಕೆಂಪು ಗೆರೆ.
ಐ ಓನ್ಲಿ ಸಾ ಹಿಮ್.
ಯಾಕೆ ಗೆರೆ, ಮಿಸ್ ಥರ್ಲ್‌ಬಿ?

ಓನ್ಲಿ ಎಲ್ಲೆಂದರಲ್ಲಿ ಕೂರುತ್ತದೆ, ಎಂದೆ,
ಕೂತಲ್ಲೆಲ್ಲ ಬೇರೆ ಕತೆ ಹೇಳುತ್ತದೆ.
ನಾನು ಮಾತ್ರ ನೋಡಿದೆ: ಬೇರೆ ಸಾಕ್ಷಿಯಿಲ್ಲ.
ಅವನನ್ನು ಮಾತ್ರ ನೋಡಿದೆ: ಒಯ್ದವರ ಮುಖ ತಿಳಿಯದು.
ನೋಡಿದೆ, ಅಷ್ಟು ಮಾತ್ರ.
ಮೂರರಲ್ಲಿ ನಿನ್ನದು ಯಾವುದು?

ಬಹಳ ಹೊತ್ತು ಬೋರ್ಡು ನೋಡಿದಳು.
ಮೂರೂ, ಅಂದಳು.
ಬಾಗಿಲ ಹಿಂದಿದ್ದೆ. ಲಾರಿಯ ದೀಪದಲ್ಲಿ ಅವನ ಬೆನ್ನಷ್ಟೇ ಕಂಡಿತು.
ಕೂಗಲಿಲ್ಲ.

ಮೂವತ್ತೊಂದು ವರ್ಷ ಪಾಠ ಹೇಳಿದವಳು ನಾನು,
ಸರಿಯಾದ ಜಾಗ ಒಂದೇ ಎಂದು
ಎಷ್ಟು ಮಕ್ಕಳ ಅಂಕ ಕಳೆದೆನೋ.
ಮೂರು ವಾಕ್ಯ ಬರೆದೆವು, ಒಂದರ ಕೆಳಗೊಂದು,
ಒಂದೊಂದರಲ್ಲೂ ಒಂದೊಂದು ಓನ್ಲಿ.
ಮೂರನೆಯದನ್ನು ಅವಳೇ ಬರೆದಳು, ಒತ್ತಿ; ಚಾಕು ಮುರಿಯಿತು.

ದೀಪ ಆರಿಸಲು ಹೋದವಳನ್ನು ತಡೆದಳು.
ಸ್ಟಿಲ್ ಎಲ್ಲಿ ಕೂರಬೇಕು?
ಕ್ರಿಯಾಪದಕ್ಕೆ ಮುಂಚೆ, ಎಂದೆ, ಆದರೆ ಈಸ್ ಇದ್ದರೆ ಅದರ ಆಮೇಲೆ.
ಮುರಿದ ತುಂಡಿನಲ್ಲಿ ಬರೆದಳು:
ಹೀ ಈಸ್ ಸ್ಟಿಲ್
ಕೈ ಅಲ್ಲೇ ನಿಂತಿತು.

ಇನ್ನೂ ಎಂಬರ್ಥ ಬರಲು ಮುಂದೊಂದು ಪದ ಬೇಕು, ಲೆತೆಬ್ರಹಾನ್.
ಇಲ್ಲಿಗೇ ಬಿಟ್ಟರೆ
ಅವನು ಅಲುಗುತ್ತಿಲ್ಲ ಎಂದಾಗುತ್ತದೆ.
ಗೊತ್ತು, ಅಂದಳು.

ಮೇಲೆ ಬೀದಿಯಲ್ಲಿ ಕೊನೆಯ ಬಸ್ಸು ನಿಧಾನ ಮಾಡಿತು,
ಯಾರೂ ಇಲ್ಲವೆಂದು ಹೊರಟಿತು.
ನಾನು ಮತ್ತೆ ಕುರ್ಚಿ ಎಳೆದು ಕೂತೆ.