ಮೂರನೇ ಫೋಟೋ

ಸಾಲಗಾಮೆ ರಸ್ತೆ, ಮಧ್ಯಾಹ್ನ ಮೂರು.
ಎರಡನೇ ಒಲೆಯ ಬನ್ನು ಇನ್ನೂ ಆರಿರಲಿಲ್ಲ.
ಸೌಮ್ಯನಾರಾಯಣರು ಸ್ಟೂಲು ಎಳೆದು
ನನ್ನ ಲ್ಯಾಪ್‌ಟಾಪಿನ ಪಕ್ಕ ಕೂತರು,
ಮೈದಾ ಕೈ ಪಂಚೆಗೆ ಒರೆಸುತ್ತ:
"ಮೂರನೇ ಫೋಟೋ ಇದೆಯಲ್ಲಮ್ಮ,
ಅದು ಕಾಣಕೂಡದು."

ಮೊದಲನೆಯದು ಅವರಪ್ಪ, ಕಂದಿದ ಕಪ್ಪುಬಿಳುಪು.
ಎರಡು, ಇವರು.
ಮೂರು, ತಮ್ಮ ಸಂಪತ್ತು: ಕೈಯಲ್ಲಿ ದಿಲ್‌ಪಸಂದ್ ತಟ್ಟೆ,
ದವಡೆ ಹಲ್ಲೂ ಕಾಣುವ ನಗು.
ನಾಲ್ಕು, ಒಲೆ.
ಯುಗಾದಿ ಕಳೆದು ಪಾಲಾಯಿತಂತೆ.
ಒಲೆ ಇವರಿಗೆ, ಅಚ್ಚುಗಳು ಅವನಿಗೆ.
ಮಹಾವೀರ ಸರ್ಕಲ್ಲಿನ ಆಚೆ ಹೊಸ ಬೋರ್ಡು,
ಇದೇ ಹೆಸರು, ಮುಂದೊಂದು 'ನ್ಯೂ'.

ಅಳಿಸಿಬಿಡಲಾ, ಅಂದೆ.
"ಅಳಿಸು ಅಂದೆನಾ ನಾನು? ಕಾಣಕೂಡದು ಅಂದೆ."

ಸರಿ. ಒಂದೇ ಸಾಲು ಬರೆದೆ,
ಬರೆಯುತ್ತ ಬಾಯಲ್ಲೂ ಅಂದುಕೊಂಡೆ: ಡಿಸ್‌ಪ್ಲೇ, ನನ್.
"ನನ್? ನನ್ ಏನು?"
ನನ್ ಅಂದರೆ ಇಂಗ್ಲಿಷಲ್ಲಿ ಏನೂ ಇಲ್ಲ ಅಂತ, ಸ್ವಾಮಿ.
ಅವರು ನಗಲಿಲ್ಲ.

ಒತ್ತಿದೆ. ಸಂಪತ್ತು ಹೋದ.
ಒಲೆ ಸರಕ್ಕನೆ ಜರುಗಿ ಬಂದು
ಅಣ್ಣನ ಭುಜಕ್ಕೆ ತಾಗಿ ನಿಂತಿತು,
ಸಕಲೇಶಪುರದ ಬಸ್ಸಲ್ಲಿ ಒಬ್ಬರು ಎದ್ದರೆ
ಸೀಟಿನ ಬಿಸಿ ಆರುವ ಮೊದಲೇ
ಇನ್ನೊಬ್ಬರು ಒತ್ತಿಕೊಂಡು ಬರುವ ಹಾಗೆ.

ತುಂಬಾ ಹೊತ್ತು ನೋಡಿದರು.
"ಹಿಂಗೆ ಅಂಟಿಕೊಳ್ಳಕೂಡದು," ಅಂದರು.
"ನನ್ ತಮ್ಮ ನಿಲ್ಲೋ ಜಾಗ ಅದು.
ಒಲೆಗೂ ನನಗೂ ಮಧ್ಯೆ.
ಬಿಸಿ ತಡೆಯಲ್ಲ ನನಗೆ ಚಿಕ್ಕಂದಿನಿಂದ.
ತಟ್ಟೆ ಎಳೆದು ಎಳೆದು ಕೊಡ್ತಿದ್ದೋನೇ ಅವನು."

ಬರೆದದ್ದು ಹೊಡೆದುಹಾಕಿದೆ. ಇನ್ನೊಂದು ಸಾಲು:
ವಿಸಿಬಿಲಿಟಿ, ಹಿಡನ್.
ಒಲೆ ಹಿಂದಕ್ಕೆ ಹೋಯಿತು.
ನಡುವೆ ಒಂದಾಳು ಅಗಲದ ಬಿಳಿ,
ಇನ್ನೂರ ನಲವತ್ತು ಪಿಕ್ಸೆಲ್,
ಅಂಚಿಗೆ ಅಂಚು ಕೂಡಿದ ಲೆಕ್ಕ.
ಕೆಳಗೆ ಹೆಸರಿಲ್ಲ. ಕೈಯಿಟ್ಟರೆ ಏನೂ ಸಿಗದು.
ಆದರೂ ಅಲ್ಲಿ ಯಾರನ್ನೂ ನಿಲ್ಲಿಸಲಾಗದು.

"ನೋಡಿದೋರಿಗೆ ಗೊತ್ತಾಗುತ್ತಾ?"
ಯಾರೋ ಇದ್ದ ಜಾಗ ಅಂತ ಆಗುತ್ತೆ.
ಯಾರು ಅಂತ ಆಗಲ್ಲ.
"ಹಾಸನದಲ್ಲಿ ಆಗುತ್ತೆ," ಅಂದರು.

ಖಾರದ ಬನ್ನು ನಾಲ್ಕು ಕಾಗದಕ್ಕೆ ಸುತ್ತಿ,
ದಾರ ಕಟ್ಟಿ, ಗಂಟು ಹಲ್ಲಲ್ಲಿ ಬಿಗಿದು,
ದುಡ್ಡು ಎಣಿಸಿ ಕೊಟ್ಟು,
ನಾನು ಮೆಟ್ಟಿಲಿಳಿದ ಮೇಲೆ ಕೇಳಿದರು:
"ಅಕಸ್ಮಾತ್ ಮತ್ತೆ ತೋರಿಸಬೇಕು ಅಂದ್ರೆ
ಎಷ್ಟು ದಿನದ ಕೆಲಸ?"

ದಿನ ಏನೂ ಬೇಡ. ಒಂದು ಪದ.

"ಅಷ್ಟೇನಾ," ಅಂದು ಒಳಗೆ ತಿರುಗಿದರು.
ಗಾಜಿನಾಚೆ ಕಂಡಿತು: ಉದ್ದ ಹಿಡಿಯ ಸಲಾಕೆ ಹಿಡಿದು
ತಟ್ಟೆ ಎಳೆಯುತ್ತಿದ್ದಾರೆ, ಮುಖ ಒಂದು ಕಡೆ ತಿರುಗಿಸಿ,
ಒಲೆಯಿಂದ ಒಂದಾಳು ದೂರ ಬಿಟ್ಟು.