ಒಂಬತ್ತನೇ ಕೆಂಪು

ಮುಳಗಳ್ಳಿ ದೇಸಾಯರ ಮೊಮ್ಮಗಳು ರುದ್ರಾಂಬಿಕಾ
ಮಟಮಟ ಮಧ್ಯಾಹ್ನ ಕಂಚಗಾರ ಗಲ್ಲಿಗೆ ಬಂದ್ಲು,
ಸ್ಕೂಟಿ ಮ್ಯಾಲೆ, ಒಬ್ಬಾಕಿನ.
ಗಾದಿ ಮ್ಯಾಲೆ ಕುಂಡ್ರಲಿಲ್ಲ, ಸ್ಟೂಲ ಎಳಕೊಂಡ್ಲು.
ಸಂತಿ ಚೀಲದಾಗಿಂದ ತಗದದ್ದು
ಇರಕಲ್ ಸೀರಿಯ ಒಂದು ತುಣುಕು,
ಅದರಾಗ ಬಂಗಾರದ ಬಾಸಿಂಗ.

ಅದನ್ನ ನಾ ಹಿಂದ ನೋಡಿದ್ದು
ಹತ್ತು ವರ್ಷದಾಂವ ಇದ್ದಾಗ, ಒಂದು ರಾತ್ರಿ.
ಕರೆಂಟ ಇದ್ದರೂ ಆರಿಸಿ, ಕದಾ ಹಾಕಿ,
ಚಿಮಣಿ ಬೆಳಕಿನಾಗ ಅಪ್ಪ ಒಂದು ಕೆಂಪು ಕಿತ್ತು
ಅದರ ಮನಿಯೊಳಗ ಗಾಜ ಕುಂಡ್ರಸತಿದ್ದ,
ಹೊಳಪು ಬರಲೆಂತ ಅಡಿಗೆ ಬೆಳ್ಳಿ ಹಾಳಿ ಇಟ್ಟು.
"ನೀ ಏನೂ ನೋಡಿಲ್ಲ," ಅಂದಿದ್ದ.
ಐವತ್ತೊಂದು ವರ್ಷ
ನಾ ಏನೂ ನೋಡಿಲ್ಲ.

ಹುಡುಗಿ ಫೋನು ತಿರುವಿ ಹಿಡಿದ್ಲು.
"ಆ ಕಡ್ಯಾವರು ಇದನ್ನ ಕಳಿಸ್ಯಾರ್ರಿ.
ಯಾವುದೋ ದೇಶದ ರಾಣಿ ಮೊಮ್ಮಗಳು ಇಟ್ಟಕೊಂಡದ್ದಂತ,
ಇದರ ನಕಲು ಮುಂಬಯಿದಾಗ ಸಿಗತೈತಂತ.
ಯಾವುದು ಬೇಕಂತ ನನ್ನ ಕೇಳ್ಯಾರ.
ಅಂವನ ಸೋದರಮಾವ ಸೂರತ್ತಿನಾಗ ಹರಳಿನ ದಲ್ಲಾಳಿ.
ಯಾವುದು ಆರಸಲಿ, ಕಾಕಾ?"

ನಾ ಉಂಗುರ ತಿರುವಿದೆ.
ಸುಳ್ಳು ಹೇಳೂ ಮೊದಲ ನನ್ನ ಬೊಟ್ಟಿಗೆ ಅದೊಂದು ಚಟ.
ಅಪ್ಪಂದು, ಸಾಯೂಮುಂದ ಕೊಟ್ಟದ್ದು.
"ಫೋಟೋದ್ದ ಚಲೋ ಐತಿ ತಂಗಿ. ಹಗರ.
ಹಣಿ ಒತ್ತೂದಿಲ್ಲ, ಇಡೀ ದಿನ ನಕ್ಕೋತ ನಿಂದ್ರಬಹುದು.
ಹಳೇದು ಲಾಕರಿನಾಗ ಇರಲಿ,
ದಲ್ಲಾಳಿಗಳ ಮುಂದ ಯಾಕ..."

ಆಕಿ ನಕ್ಕಳು.
"ಗಾಜಂತ ಗೊತ್ತೈತ್ರಿ.
ಬಾಯಿಸಾಬ್ರು ತೊಡಿ ಮ್ಯಾಲೆ ಕುಂಡ್ರಿಸಿಕೊಂಡು ಎಣಿಸಿ ಹೇಳ್ಯಾರ.
ಇದು ದೊಡ್ಡತ್ತಿ ಡಾಕ್ಟರಕಿ ಓದಿದ್ದು.
ಇದು ಕೋರ್ಟು, ಅದೂ ಸೋತದ್ದು.
ಈ ಎರಡು ಅಜ್ಜನ ಇಸ್ಪೀಟು,
ಇವನ್ನಷ್ಟ ಎಡಗೈಲೆ ತೋರಸ್ತಿದ್ರು.
ಮ್ಯಾಲಿನ ನಾಕು ಭೂಮಿ ಹೋದ ವರ್ಷದ್ದು:
ಜ್ವಾಳ, ಎಣ್ಣಿ, ಆಳಿನವರ ಬಾಕಿ ಪಗಾರ.
ನಡುವಿನ ಈ ಸಣ್ಣದು ಮಾತ್ರ ಖರೇ.
ಇದನ್ನ ಮಾರೂ ಪಾಳಿ ಬರಲಿಲ್ಲ ಅಂತಿದ್ರು,
ಹಂಗಂದು ಪ್ರತೀ ಸಲ ಅದಕ್ಕ ಮುತ್ತು ಕೊಡತಿದ್ರು.
ಸೂರತ್ತಿನ ಮಾವ ನೋಡಲಿ ಬಿಡ್ರಿ.
ಒಂದು ಸಾಕಲ್ಲ?"

ಭೂತಗನ್ನಡಿ ಕಣ್ಣಿಗೆ ಏರಿಸಿದೆ.
ನಡುವಿನ ಸಣ್ಣದರೊಳಗ
ದುಂಡಗ ಒಂದು ಗುಳ್ಳಿ.
ಕೆಂಪು ಭೂಮಿಯೊಳಗ ಹುಟ್ಟತೈತಿ,
ಅದರ ಹೊಟ್ಟ್ಯಾಗ ಗಾಳಿ ಇರೂದಿಲ್ಲ.
ಯಾರೋ ಊದಿದ ಉಸಿರು ಅದು,
ಇನ್ನೂ ಅಲ್ಲೇ ಕುಂತೈತಿ.

"ಹೆಂಗೈತ್ರಿ?"
"ಸೋಮವಾರ ಬಾ ತಂಗಿ. ಒಂದು ಹರಳು ಅಲ್ಲಾಡತೈತಿ."

ಸೀರಿ ತುಣುಕ ನನಗ ಬಿಟ್ಟು ಎದ್ದಳು.
ಹೆಲ್ಮೆಟ್ ಹಾಕಿ, ಪಟ್ಟಿ ಬಿಗದು,
ಅಂಗಡಿ ಕನ್ನಡ್ಯಾಗ ಹೊಳ್ಳಿ ನೋಡಿಕೊಂಡು
"ಇದರಷ್ಟ ಬರೋಬ್ಬರಿ ಯಾವುದೂ ಕುಂಡ್ರೂದಿಲ್ಲ" ಅಂದು
ಗಲ್ಲಿ ತಿರುವಿನ್ಯಾಗ ಮರಿ ಆದ್ಲು.

ಕಿರ್ದಿ ತಗದೆ. ಅಪ್ಪನ ಇರುವಿಯಂಥ ಅಕ್ಷರ.
ಕೆಂಪು ಎಂಟು. ತೂಕ, ತಾರೀಖು, ಕೊಟ್ಟ ರೊಕ್ಕ,
ಪ್ರತಿಯೊಂದರ ಕೆಳಗ ಬಾಯಿಸಾಬ್ರ ಸಹಿ.
ಒಂಬತ್ತನೇದ್ದು ಎಲ್ಲೂ ಇಲ್ಲ.
ನಾ ನೋಡಲಾರದ ಆ ರಾತ್ರಿ
ಇವುಗಳಾಗ ಯಾವುದು?

ಕೆಳಗ ಹೆಂಡತಿ ಊಟಕ್ಕ ಒದರಿದ್ಲು.
ಬಂದೆ ಅಂದು ಕದಾ ಹಾಕಿದೆ, ದೀಪ ಆರಿಸಿದೆ.
ಯಾರ ಕಣ್ಣಿಗೆ ಅಂಜಿ ಆರಿಸಿದೆನೋ, ಇಡೀ ಅಂಗಡ್ಯಾಗ
ನಾ ಒಬ್ಬಾಂವನ.

ಬೊಟ್ಟಿಗೆ ಸೋಪು ಹಚ್ಚಿ ಉಂಗುರ ಬಿಚ್ಚಿದೆ.
ನಾಕು ಹಲ್ಲು ಬಿಡಿಸಿದೆ, ಕೆಂಪು ಅಂಗೈಗೆ ಬಿತ್ತು.
ಬೇಳೆಯಷ್ಟು.

ಬಾಸಿಂಗದ ನಡುವಿನ ಮನಿ ಖಾಲಿ ಮಾಡಿ
ಅರದಿಂದ ಉಜ್ಜಬೇಕಾದೀತು,
ಅಂಚು ಸ್ವಲ್ಪ ಹಿಗ್ಗಿಸಬೇಕಾದೀತು
ಅಂತ ಎಲ್ಲಾ ಹತ್ಯಾರ ಹರವಿ ಇಟ್ಟಿದ್ದೆ.

ಯಾವುದೂ ಬೇಕಾಗಲಿಲ್ಲ.